ಪಾದ್ರಿಗಳ ಪ್ರಾಸ

ಮಂಗಳೂರಿನಲ್ಲಿ ಫರ್ಡಿನಾಂಡ್ ಕಿಟೆಲ್ ಅವರ ಹೆಸರಿನಲ್ಲಿ ನಡೆಯುವ ಯಾವ ಸಭೆಗೆ ಹೋದರೂ ಭಾಷಣಗಳು ಸಾಗುವ ಹಾದಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. 1853ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಯಾಗಿ ಮತಪ್ರಚಾರಕ್ಕೆಂದು ಬಂದರು, ಕನ್ನಡದ ಸೊಬಗಿಗೆ ಮಾರುಹೋದರು, ಬಂದ ಕೆಲಸವನ್ನು ಮರೆತರು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ನಮ್ಮ ಕೈಗಿತ್ತರು. ಚಪ್ಪಾಳೆ ಬೀಳುತ್ತದೆ, ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಆಮೇಲೆ ಗೋಳಿಬಜೆ ಮತ್ತು ಚಹಾ. ಈ ಕಥೆಯನ್ನು ಕೇಳುತ್ತ ಕೇಳುತ್ತ ನನಗೆ ಒಂದು ವಿಚಾರ ಕಾಡತೊಡಗಿತು: ಇದು ಮಿಷನ್ನಿನವರೇ ಒಂದು ಕಾಲದಲ್ಲಿ ಅಚ್ಚುಹಾಕಿ ಸಂತೆ, ಜಾತ್ರೆಗಳಲ್ಲಿ ಹಂಚುತ್ತಿದ್ದ ಕಿರುಹೊತ್ತಗೆಗಳ ಕಥೆಯೇ ಅಲ್ಲವೇ? ಅಲ್ಲಿ ಕತ್ತಲಲ್ಲಿದ್ದ ಒಬ್ಬ ಮನುಷ್ಯ ಬೆಳಕನ್ನು ಕಂಡು, ಹಳೆಯ ಬದುಕನ್ನು ಬಿಟ್ಟು, ಹೊಸಬನಾಗುತ್ತಾನೆ. ಇಲ್ಲಿ ಪಾದ್ರಿಯೇ ಬೆಳಕನ್ನು ಕಂಡವನು, ಕನ್ನಡವೇ ಬೆಳಕು, ಮತಪ್ರಚಾರವೇ ಅವನು ಬಿಟ್ಟುಬಂದ ಕತ್ತಲು. ಮತಾಂತರದ ಬಗ್ಗೆ ಅಷ್ಟೆಲ್ಲ ತಕರಾರು ಮಾಡುವ ನಾವು ಕಿಟೆಲ್ ಅವರನ್ನು ಮೆಚ್ಚಬೇಕಾದಾಗ ಮಾತ್ರ ಅವರನ್ನು ಮತಾಂತರಿಸಿಯೇ ಮೆಚ್ಚುತ್ತೇವೆ.

ಇದಕ್ಕೆ ಎದುರಾದ ಇನ್ನೊಂದು ಕಥೆಯೂ ಊರಿನಲ್ಲಿ ಚಲಾವಣೆಯಲ್ಲಿದೆ. ಅದನ್ನು ಹೇಳುವವರ ಪ್ರಕಾರ ವ್ಯಾಕರಣ, ನಿಘಂಟು, ಪತ್ರಿಕೆ, ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ ಎಲ್ಲವೂ ಗಾಳಕ್ಕೆ ಸಿಕ್ಕಿಸಿದ ಎರೆ. ಅದರಲ್ಲಿ ಪಾಂಡಿತ್ಯವನ್ನು ಹುಡುಕುವುದೇ ಮುಗ್ಧತನ. ಈ ಎರಡು ಕಥೆಗಳನ್ನು ಹೇಳುವವರು ಎದುರುಬದುರಾಗಿ ಕೂತು ಜಗಳಾಡಿದರೂ ಒಂದು ವಿಷಯದಲ್ಲಿ ಅವರಿಗೆ ಪೂರ್ತಿ ಒಮ್ಮತವಿದೆ: ಆ ಪಾದ್ರಿಗಳ ಪುಸ್ತಕಗಳನ್ನು ಇಬ್ಬರೂ ತೆರೆಯುವುದಿಲ್ಲ. ನಿಘಂಟು ಬಿಡಿ, ಅದು ಕಪಾಟಿನಲ್ಲಿ ಇರಲೇಬೇಕಾದ ಗ್ರಂಥ. ಆದರೆ ನಿಘಂಟಿಗೆ ಮೊದಲು ಸುಮಾರು ಮೂವತ್ತು ವರ್ಷಗಳ ಕಾಲ ಕಿಟೆಲ್ ಅವರ ಕೈಯಲ್ಲಿ ಇದ್ದದ್ದು ಹೆಚ್ಚಾಗಿ ಪದ್ಯ. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಕಥೆಯನ್ನು ಇಲ್ಲಿನ ಛಂದಸ್ಸಿನಲ್ಲಿ ಹಾಡಲು ಹೊರಟರು, 1872ರಲ್ಲಿ ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ನಿಘಂಟಿನ ಪುಟಗಳನ್ನು ನಿಧಾನವಾಗಿ ತಿರುವಿದರೂ ಗೊತ್ತಾಗುತ್ತದೆ, ಪದದ ಹಿಂದೆ ಹಳೆಯ ಕಾವ್ಯದ ಸಾಕ್ಷಿ, ಗಾದೆಯ ಸಾಕ್ಷಿ ಬರುತ್ತಲೇ ಇರುತ್ತದೆ. ಕಾವ್ಯವನ್ನು ಓದಿ ದಣಿದವರು ಮಾತ್ರ ಹಾಗೆ ನಿಘಂಟು ಬರೆಯಬಲ್ಲರು. ಸುವಾರ್ತೆ ಸಾರಲು ಬಂದವರು ನಾಗವರ್ಮನ ಗಣಗಳನ್ನು ಎಣಿಸುತ್ತ ಕೂರುವಂತಾದದ್ದು ಹೇಗೆ ಎಂಬ ಪ್ರಶ್ನೆಗೆ ಮೇಲಿನ ಎರಡೂ ಕಥೆಗಳು ಉತ್ತರ ಕೊಡುವುದಿಲ್ಲ.

ಕರುಣೆಯ ಎರಡನೆಯ ಅಕ್ಷರ

ನನಗೆ ಇದಕ್ಕೆ ಒಂದು ಸುಳಿವು ಸಿಕ್ಕಿದ್ದು ಉಡುಪಿಯ ಕಡೆ ಗೆಳೆಯರೊಬ್ಬರ ಮನೆಯ ಮದುವೆಯಲ್ಲಿ. ಹಳೆಯ ಬಾಸೆಲ್ ಮಿಷನ್ ಪರಂಪರೆಯ ಚರ್ಚು. ಎತ್ತರದ ಮಾಡು, ಜೆಪ್ಪುವಿನ ಹಂಚು, ಹೊರಗೆ ಮಳೆ. (ನಮ್ಮ ಜಿಲ್ಲೆಗಳಲ್ಲಿ ‘ಕ್ರೈಸ್ತರು’ ಎಂದ ಕೂಡಲೇ ಕಿವಿಗೆ ಕೊಂಕಣಿ ಕೇಳಿಸುತ್ತದೆ, ಮಿಷನ್ನಿನ ಸಭೆಯವರಲ್ಲಿ ಬಹಳ ಮಂದಿಯ ಮನೆಮಾತು ತುಳು, ಪ್ರಾರ್ಥನೆಯ ಮಾತು ಕನ್ನಡ ಎಂಬುದು ಪಕ್ಕದ ಬೀದಿಯವರಿಗೂ ನೆನಪಿರುವುದಿಲ್ಲ.) ಆರಾಧನೆ ಆರಂಭವಾಗಿ ಎಲ್ಲರೂ ಎದ್ದು ನಿಂತು ಗೀತೆ ಹಾಡಿದರು. ರಾಗ ಜರ್ಮನಿಯ ಹಳೆಯ ಚರ್ಚುಗಳ ಗಂಭೀರ ರಾಗ, ಒಂದೊಂದು ಸ್ವರವೂ ಮೆಟ್ಟಿಲು ಹತ್ತುವಂತೆ ನಡೆಯುವಂಥದ್ದು. ಪದಗಳು ಒಳ್ಳೆಯ ಕನ್ನಡದ ಪದಗಳು. ಆದರೆ ಎರಡೂ ಸೇರಿದಲ್ಲಿ ಏನೋ ಎಡವುತ್ತಿತ್ತು. ‘ಕರುಣೆ’ ಎಂಬ ಮೂರು ಲಘುಗಳ, ಎಂದರೆ ಒಂದೊಂದು ಮಾತ್ರೆಯ ಮೂರು ಅಕ್ಷರಗಳ ಪದ ಬಂದಾಗ ರಾಗವು ನಡುವಿನ ‘ರು’ವಿನ ಮೇಲೆ ಎರಡು ಪಟ್ಟು ಕಾಲ ನಿಂತುಬಿಟ್ಟಿತು. ಇಡೀ ಸಭೆ ‘ಕರೂಣೆ’ ಎಂದು ಹಾಡಿತು. ಸಾಲಿನ ಕೊನೆಯಲ್ಲಿ ಪ್ರಾಸ ಕೂಡಿಬಂದಿತ್ತು, ಜರ್ಮನ್ ಪದ್ಯದಲ್ಲಿ ಬರುವ ಹಾಗೆ. ನಮ್ಮ ಹಳೆಯ ಪದ್ಯಗಳಲ್ಲಿ ಬರುವಂತೆ ಸಾಲಿನ ಎರಡನೆಯ ಅಕ್ಷರದಲ್ಲಿ ಅಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ವೃದ್ಧೆಯೊಬ್ಬರು ಪುಸ್ತಕವನ್ನು ಮುಚ್ಚಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಆ ‘ಕರೂಣೆ’ಯನ್ನೇ ಎಷ್ಟು ತುಂಬಿ ಹಾಡುತ್ತಿದ್ದರೆಂದರೆ, ಅದನ್ನು ದೋಷವೆಂದು ಕರೆಯಲು ನನಗೆ ಆಗ ಮನಸ್ಸಾಗಲಿಲ್ಲ, ಈಗಲೂ ಇಲ್ಲ. ತಲೆಮಾರುಗಳ ಕಾಲ ಹಾಡಿದ ಮೇಲೆ ಎಡವು ಕೂಡ ಹಾಡಿನ ಭಾಗವೇ ಆಗುತ್ತದೆ.

ಆದರೆ ಆ ಹಾಡನ್ನು ಮೊದಲ ಸಲ ಕೇಳಿದ ತುಳುನಾಡಿನ ಕಿವಿಗೆ ಅದು ಹೇಗೆ ಕೇಳಿಸಿದ್ದೀತು? ನಮ್ಮ ಕರಾವಳಿಯಲ್ಲಿ ಛಂದಸ್ಸು ಓದು ಬಲ್ಲವರ ಸೊತ್ತು ಮಾತ್ರವಾಗಿರಲಿಲ್ಲ. ಅಕ್ಷರ ಬಾರದ ಕೃಷಿಕನೂ ಗದ್ದೆಯಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡುತ್ತಿದ್ದ, ಮಳೆಗಾಲದಲ್ಲಿ ಚಾವಡಿಯ ಬದಿಯಲ್ಲಿ ಕೂತು ತಾಳಮದ್ದಳೆ ಕೇಳುತ್ತಿದ್ದ. ಭಾಗವತರ ಬಾಯಿಂದ ಭಾಮಿನಿ, ವಾರ್ಧಕ ಎಂಬ ಆರು ಸಾಲಿನ ಷಟ್ಪದಿಗಳು ಅವನ ಕಿವಿಯೊಳಗೆ ಇಳಿದಿರುತ್ತಿದ್ದವು. ಭಾಮಿನಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ ಒಂದಾದ ಮೇಲೊಂದರಂತೆ ಬಂದು, ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದವಾಗಿ ಕೊನೆಗೆ ಒಂದು ಗುರುವಿನ ಮೇಲೆ ನಿಲ್ಲುತ್ತವೆ ಎಂದು ಅವನು ವಿವರಿಸಲಾರ. ಆದರೆ ಒಂದು ಮಾತ್ರೆ ಹೆಚ್ಚಾದರೆ ಅವನ ತಲೆ ತೂಗುವುದು ನಿಲ್ಲುತ್ತದೆ. ಅಂಥವರ ಮುಂದೆ ಕ್ರಿಸ್ತನ ಕಥೆ ಹೇಳಬೇಕೆಂದು ಬಂದ ಪಾದ್ರಿ, ಅವನ ಕಿವಿ ಚೆನ್ನಾಗಿದ್ದರೆ, ತನ್ನ ಹಾಡು ಎಲ್ಲಿ ಎಡವುತ್ತದೆ ಎಂಬುದನ್ನು ಕೇಳುವವರ ಮುಖದಲ್ಲೇ ಓದಿಕೊಳ್ಳಬೇಕಿತ್ತು. ಕಿಟೆಲ್ ಅವರಿಗಿಂತ ಮೊದಲೇ ಬಂದ ಅದೇ ಮಿಷನ್ನಿನ ಪಾದ್ರಿ ಹೆರ್ಮನ್ ಮೊಗ್ಲಿಂಗ್ ಅವರಿಗೆ ಈ ಕಿವಿಯಿತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಆತನನ್ನು ನಾವು ಪತ್ರಿಕೆಯ ಪಿತಾಮಹನೆಂದು ನೆನೆಯುತ್ತೇವೆ, ಆದರೆ ಅದಾದ ಕೆಲವೇ ವರ್ಷಗಳಲ್ಲಿ ಆತ ದಾಸರ ಪದಗಳನ್ನು, ಜೈಮಿನಿ ಭಾರತವನ್ನು, ತೊರವೆ ರಾಮಾಯಣವನ್ನು, ಬಸವ ಪುರಾಣವನ್ನು ಇದೇ ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿಸಿದ್ದು ನನಗೆ ಹೆಚ್ಚು ಆಶ್ಚರ್ಯದ ಸಂಗತಿ. ಬಾಸೆಲಿನ ಮೇಲಧಿಕಾರಿಗಳಿಗೆ ಪುರಾಣಗಳನ್ನು ಅಚ್ಚು ಹಾಕುವ ಕೆಲಸ ಎಷ್ಟು ರುಚಿಸೀತೆಂದು ಊಹಿಸುವುದು ಕಷ್ಟವಲ್ಲ. ಹಣ ಬಂದದ್ದು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರೊಬ್ಬರಿಂದ.

ಆದ್ದರಿಂದ ‘ಕಥಾಮಾಲೆ’ಯನ್ನು ನಾನು ಒಂದು ಶರಣಾಗತಿ ಎಂದು ಓದುತ್ತೇನೆ, ಆದರೆ ಭಾಷಣಕಾರರು ಹೇಳುವ ಅರ್ಥದಲ್ಲಿ ಅಲ್ಲ. ಅಲ್ಲಿನ ನಂಬಿಕೆ ಒಂದಿಷ್ಟೂ ಸಡಿಲವಾಗಿಲ್ಲ. ಯೇಸು ಅಲ್ಲಿ ಕರ್ತನೇ, ಬೇರೇನೂ ಅಲ್ಲ. ಸಡಿಲವಾದದ್ದು ಜರ್ಮನ್ ರಾಗದ ಹಿಡಿತ. ಕಥೆ ಯಾರದಾದರೂ ಇರಲಿ, ಕನ್ನಡದ ಪದ್ಯದೊಳಗೆ ಬಂದ ಮೇಲೆ ಅದು ಕನ್ನಡದ ಮಾತ್ರೆಗೆ ಬಗ್ಗಲೇಬೇಕು. ಈ ಬಗ್ಗುವಿಕೆ ಒಮ್ಮೆ ಶುರುವಾದರೆ ಅರ್ಧಕ್ಕೆ ನಿಲ್ಲುವಂಥದ್ದಲ್ಲ. ಷಟ್ಪದಿ ಬರೆಯಬೇಕಾದರೆ ಲಘು ಗುರು ಗೊತ್ತಿರಬೇಕು, ಲಘು ಗುರು ಗೊತ್ತಾಗಬೇಕಾದರೆ ಶಿಥಿಲದ್ವಿತ್ವ (ಹಿಂದಿನ ಅಕ್ಷರವನ್ನು ಗುರು ಮಾಡದ ಸಡಿಲ ಒತ್ತಕ್ಷರ) ಎಲ್ಲಿ, ಸಂಧಿ ಎಲ್ಲಿ ಎಂದು ತಿಳಿದಿರಬೇಕು, ಅದಕ್ಕೆ ಕೇಶಿರಾಜ ಬೇಕು, ಕೇಶಿರಾಜನ ಸೂತ್ರಗಳೇ ಕಂದಪದ್ಯದಲ್ಲಿ ಇರುವುದರಿಂದ ಅವನನ್ನು ಸಂಪಾದಿಸಲು ಮತ್ತೆ ಛಂದಸ್ಸು ಬೇಕು. ಒಂದು ಹಾಡು ಸರಿಯಾಗಿ ಹೊಂದಲಿ ಎಂದು ಹೊರಟವರು ಹತ್ತನೆಯ ಶತಮಾನದ ನಾಗವರ್ಮನ ಬಾಗಿಲಿಗೆ ಹೀಗೆ ಬಂದು ನಿಲ್ಲುತ್ತಾರೆ. ಪ್ರೀತಿ, ಮೋಹ, ಮಾರುಹೋಗುವುದು ಎಂಬ ಮಾತುಗಳು ಬೇಕಾಗುವುದು ಈ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ನಡೆದು ನೋಡದವರಿಗೆ.

ಬಲ್ಮಠದಲ್ಲಿ ಒಂದು ಮಧ್ಯಾಹ್ನ

ಬಲ್ಮಠದ ಗುಡ್ಡ ಈಗ ಸುತ್ತಲೂ ಫ್ಲ್ಯಾಟುಗಳಿಂದ ತುಂಬಿಹೋಗಿದ್ದರೂ ಧರ್ಮಶಾಸ್ತ್ರ ಕಾಲೇಜಿನ ಆವರಣದೊಳಗೆ ಬಂದರೆ ಮರಗಳ ಕೆಳಗೆ ಇನ್ನೂ ಸ್ವಲ್ಪ ಹಳೆಯ ಮಂಗಳೂರು ಉಳಿದಿದೆ. ಅಲ್ಲಿನ ಪತ್ರಾಗಾರದಲ್ಲಿ 1875ರ ‘ಛಂದೋಂಬುಧಿ’ಯನ್ನು ಮುಂದಿಟ್ಟುಕೊಂಡು ಕೂತ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಕಾಗದ ಚಹಾ ಬಣ್ಣಕ್ಕೆ ತಿರುಗಿತ್ತು, ಅಂಚಿನಲ್ಲಿ ಹುಳು ಕೊರೆದ ಸಣ್ಣ ತೂತು ಹಲವು ಪುಟಗಳನ್ನು ನೇರವಾಗಿ ದಾಟಿ ಹೋಗಿತ್ತು. ಪೀಠಿಕೆ ಇಂಗ್ಲಿಷಿನಲ್ಲಿದೆ, ಅದರ ಜೊತೆಗೆ ಕನ್ನಡ ಸಾಹಿತ್ಯದ ಬಗ್ಗೆ ಒಂದು ದೀರ್ಘ ಪ್ರಬಂಧವಿದೆ. ಒಳಗೆ ಪದ್ಯಗಳು ಕನ್ನಡದ ಅಚ್ಚಿನಲ್ಲಿ, ನಾವು ಶಾಲೆಯಲ್ಲಿ ಕಲಿಯದೆ ಬಿಟ್ಟ ಱ ಮತ್ತು ೞ ಅಕ್ಷರಗಳೊಂದಿಗೆ. ಆ ಮೊಳೆಗಳನ್ನು ಇದೇ ಗುಡ್ಡದ ಮುದ್ರಣಾಲಯದಲ್ಲಿ, ಮನೆಯಲ್ಲಿ ತುಳು ಮಾತಾಡುವ ಕೈಗಳು ಒಂದೊಂದಾಗಿ ಜೋಡಿಸಿದ್ದಿರಬೇಕು ಎಂದು ಯೋಚಿಸುತ್ತ ನಾನು ಕೆಲಕಾಲ ಪುಟ ತಿರುವಲಿಲ್ಲ. ಮಿಷನ್ನಿನ ಕನ್ನಡ ವಿದ್ವತ್ತಿನಲ್ಲಿ ಆ ಕೈಗಳ ಪಾಲೂ ಇದೆ. ಜಯಂತಿಯ ಹಾರ ಅಷ್ಟು ದೂರ ಹೋಗುವುದಿಲ್ಲ.

1875 ಎಂಬ ಇಸವಿಯನ್ನು ಗಮನದಲ್ಲಿಟ್ಟುಕೊಂಡು ಆ ಪ್ರಬಂಧವನ್ನು ಓದಬೇಕು. ‘ಕವಿರಾಜಮಾರ್ಗ’ ಆಗ ಅಚ್ಚಾಗಿರಲಿಲ್ಲ, ಪಂಪಭಾರತವೂ ಅಚ್ಚಾಗಿರಲಿಲ್ಲ. ಎರಡೂ 1898ಕ್ಕೆ ಬೆಳಕು ಕಂಡವು. ಕನ್ನಡ ಕವಿಗಳ ಚರಿತ್ರೆಯಾದ ‘ಕವಿಚರಿತೆ’ಯ ಮೊದಲ ಸಂಪುಟ ಬಂದದ್ದು 1907ರಲ್ಲಿ. ವಚನಗಳು ಅವನ್ನು ಮುಂದೆ ಹುಡುಕಿ ಅಚ್ಚು ಹಾಕಿದ ಫ.ಗು. ಹಳಕಟ್ಟಿಯವರಿಗಾಗಿ ಕಾಯುತ್ತಿದ್ದವು. ನಾವು ಇಂದು ಕನ್ನಡ ಸಾಹಿತ್ಯ ಎಂದೊಡನೆ ಮೊದಲು ನೆನೆಯುವ ಕೃತಿಗಳಲ್ಲಿ ಹಲವು ಇನ್ನೂ ಮಠಗಳ, ಬಸದಿಗಳ ಕಟ್ಟುಗಳಲ್ಲಿದ್ದಾಗ, ಒಬ್ಬ ಮನುಷ್ಯ ಕೈಗೆ ಸಿಕ್ಕ ಓಲೆಗಳನ್ನು ಹಿಡಿದು ಈ ಸಾಹಿತ್ಯಕ್ಕೊಂದು ಆಕಾರ ಕಟ್ಟಲು ನೋಡುತ್ತಿದ್ದಾನೆ. ತಪ್ಪುಗಳು ಇರಲೇಬೇಕು, ಇವೆ. ನಾಗವರ್ಮನದಲ್ಲದ ಪದ್ಯಗಳೂ ಆ ಆವೃತ್ತಿಯೊಳಗೆ ಸೇರಿಕೊಂಡಿವೆ ಎಂದು ಮುಂದಿನ ವಿದ್ವಾಂಸರು ತೋರಿಸಿದರು. ತೋರಿಸಲು ಅವರ ಮುಂದೆ ಒಂದು ಅಚ್ಚಾದ ಪಠ್ಯವಿತ್ತು, ಅಷ್ಟೇ ವ್ಯತ್ಯಾಸ.

ಗ್ರಂಥದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಸ್ಕೃತದಿಂದ ಬಂದ ವೃತ್ತಗಳ ಭಾಗವಲ್ಲ. ಅದು ನಮಗೆಲ್ಲ ಹೈಸ್ಕೂಲಿನ ಪಾಠ. ಬೆತ್ತದ ಭಯದಲ್ಲಿ ಕಲಿತ ಮ-ನ-ಭ-ಯ-ಜ-ರ-ಸ-ತ ಇಂದಿಗೂ ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರುತ್ತದೆ. ನಿಲ್ಲಿಸಿದ್ದು ಕರ್ಣಾಟಕ ವಿಷಯಜಾತಿಗಳು, ಎಂದರೆ ಅಕ್ಕರ, ಚೌಪದಿ, ಗೀತಿಕೆ, ಏಳೆ, ತ್ರಿಪದಿ, ಉತ್ಸಾಹ, ಷಟ್ಪದಿ ಮೊದಲಾದ ಈ ನೆಲದ ಬಂಧಗಳು. ಇಲ್ಲಿ ಮಾತ್ರೆಯ ಲೆಕ್ಕ ನಡೆಯುವುದಿಲ್ಲ, ಹಾಡುವ ದನಿಯ ತುಣುಕಾದ ‘ಅಂಶ’ದ ಲೆಕ್ಕ ನಡೆಯುತ್ತದೆ. ಎರಡು ಅಂಶದ ಬ್ರಹ್ಮಗಣ, ಮೂರು ಅಂಶದ ವಿಷ್ಣುಗಣ, ನಾಲ್ಕು ಅಂಶದ ರುದ್ರಗಣ. ಒಂದು ಅಂಶದೊಳಗೆ ಅಕ್ಷರ ಕುಗ್ಗಬಹುದು, ಹಿಗ್ಗಬಹುದು, ಹಾಡುವವರ ಉಸಿರು ಅದನ್ನು ಸರಿದೂಗಿಸುತ್ತದೆ. ಬರೆದ ಪದ್ಯವನ್ನು ಕಣ್ಣಿನಲ್ಲಿ ಅಳೆಯುವವನಿಗೆ ಇದು ಅವ್ಯವಸ್ಥೆಯ ಹಾಗೆ ಕಾಣುತ್ತದೆ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸಿನ ಹಾಡನ್ನು ಕೇಳಿದವನಿಗೆ ಮಾತ್ರ ಇದು ವ್ಯವಸ್ಥೆ ಎಂದು ತಿಳಿಯುತ್ತದೆ. ಕಿಟೆಲ್ ಮಂಗಳೂರಿನಲ್ಲಿ ಮಾತ್ರವಲ್ಲ, ಧಾರವಾಡದ ಸೀಮೆಯಲ್ಲೂ ಇದ್ದವರು. ಅಲ್ಲಿ ತ್ರಿಪದಿ ಎಂದರೆ ಗ್ರಂಥದ ಬಂಧವಲ್ಲ, ಬೆಳಗಿನ ಜಾವದ ಮನೆಮನೆಯ ಸದ್ದು. ನಾಗವರ್ಮನ ಸೂತ್ರವನ್ನೂ ಆ ಸದ್ದನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವ ಅವಕಾಶ ಆ ಕಾಲದ ಎಷ್ಟು ಮಂದಿ ಪಂಡಿತರಿಗಿತ್ತು? ಗ್ರಂಥ ಬಲ್ಲವರು ಬೀಸುವ ಕಲ್ಲಿನ ಬಳಿ ಹೋಗುತ್ತಿರಲಿಲ್ಲ, ಬೀಸುವವರಿಗೆ ಗ್ರಂಥ ಸಿಗುತ್ತಿರಲಿಲ್ಲ. ಊರೂರು ತಿರುಗುವುದು, ಯಾರ ಮನೆಯ ಜಗಲಿಯಲ್ಲಿಯೂ ಕೂರುವುದು ಪಾದ್ರಿಯ ಉದ್ಯೋಗವೇ ಆಗಿತ್ತು. ಮತಪ್ರಚಾರವನ್ನು ಮರೆತದ್ದರಿಂದ ಅವರು ವಿದ್ವಾಂಸರಾದರು ಎಂದು ಹೇಳುವವರಿಗೆ ನನ್ನ ಉತ್ತರ ಇದೇ: ಆ ಅಲೆದಾಟ ಇಲ್ಲದಿದ್ದರೆ ಕಿವಿಗೆ ಬೇಕಾದ ಅರ್ಧ ಪಾಠ ಸಿಗುತ್ತಿರಲಿಲ್ಲ.

ಮರೆತರೆಂದು ಹೇಳಿದವರು ಯಾರು?

ಕಿಟೆಲ್ ಮತಪ್ರಚಾರವನ್ನು ಮರೆಯಲಿಲ್ಲ ಎಂಬುದಕ್ಕೆ ಅವರ ಬೇರೆ ಪುಸ್ತಕಗಳೇ ಸಾಕ್ಷಿ. ವೈದಿಕ ಯಜ್ಞದ ವಿಚಾರವನ್ನು ಎತ್ತಿಕೊಂಡು ಕ್ರಿಸ್ತನ ಬಲಿಯ ಕಡೆಗೆ ಓದುಗನನ್ನು ಕರೆದೊಯ್ಯುವ ‘ಯಜ್ಞಸುಧಾನಿಧಿ’ಯನ್ನು ಬರೆದವರೂ ಅವರೇ, ಲಿಂಗಪೂಜೆಯ ಮೂಲವನ್ನು ಕುರಿತು 1876ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಕಿರುಗ್ರಂಥವನ್ನು ಮಂಗಳೂರಿನಿಂದ ಹೊರತಂದವರೂ ಅವರೇ. ಛಂದೋಂಬುಧಿಯ ಕರಡು ತಿದ್ದಿದ ಮೇಜಿನ ಮೇಲೆಯೇ ಈ ಕರಡುಗಳೂ ಇದ್ದವು. ನಮಗೆ ಹಿಡಿಸಿದ್ದನ್ನು ‘ನಿಜವಾದ ಕಿಟೆಲ್’ ಎಂದು ಇಟ್ಟುಕೊಂಡು, ಹಿಡಿಸದ್ದನ್ನು ಮಿಷನ್ನಿನ ಖಾತೆಗೆ ಬರೆಯುವುದು ಅನುಕೂಲದ ಲೆಕ್ಕ. ಅವರ ವಿದ್ವತ್ತಿನ ಮೇಲೆ ಅವರ ನಂಬಿಕೆಯ ನೆರಳು ಬಿದ್ದಿಲ್ಲ ಎಂದೂ ನಾನು ಹೇಳಲಾರೆ. ಕನ್ನಡ ಸಾಹಿತ್ಯವನ್ನು ಜೈನ, ವೀರಶೈವ, ವೈಷ್ಣವ ಎಂದು ಮತದ ಪೆಟ್ಟಿಗೆಗಳಲ್ಲಿ ವಿಂಗಡಿಸಿ ಓದುವ ರೂಢಿ ನಮ್ಮ ಪಠ್ಯಪುಸ್ತಕಗಳಿಗೆ ಇಳಿದುಬಂದದ್ದರಲ್ಲಿ ಪಾದ್ರಿಗಳ ಪಾಲು ದೊಡ್ಡದು. ಲಂಡನ್ ಮಿಷನ್ನಿನ ಇ.ಪಿ. ರೈಸ್ 1915ರಲ್ಲಿ ಬರೆದ ಸಾಹಿತ್ಯ ಚರಿತ್ರೆಯ ಚೌಕಟ್ಟು ಅದೇ. ಪ್ರತಿಯೊಬ್ಬ ಕವಿಯನ್ನೂ ಮೊದಲು ಅವನ ದೇವರು ಯಾರೆಂದು ಕೇಳಿ ಒಳಗೆ ಬಿಡುವ ಈ ಅಭ್ಯಾಸ ಧರ್ಮೋಪದೇಶಕನಿಗೆ ಸಹಜ, ಕಾವ್ಯಕ್ಕೆ ಅಷ್ಟು ಒಳ್ಳೆಯದಲ್ಲ. ಛಂದಸ್ಸಿನ ಕೆಲಸದಲ್ಲಿ ಮಾತ್ರ ಈ ಪ್ರಶ್ನೆಗೆ ಎಡೆಯೇ ಇಲ್ಲ. ಜೈನನ ಕಂದಕ್ಕೂ ಶೈವನ ಕಂದಕ್ಕೂ ಗಣ ಒಂದೇ. ಬಹುಶಃ ಆ ಕಾರಣಕ್ಕೇ ಪಾದ್ರಿಗಳ ಬರಹಗಳಲ್ಲಿ ಹೆಚ್ಚು ಬಾಳಿಕೆ ಬಂದದ್ದು ವ್ಯಾಕರಣ, ಛಂದಸ್ಸು, ನಿಘಂಟುಗಳೇ. ಅಲ್ಲಿ ಅವರಿಗೆ ವಾದ ಹೂಡಲು ಅವಕಾಶವಿರಲಿಲ್ಲ, ಒಪ್ಪಿ ನಡೆಯಲು ಮಾತ್ರ ಇತ್ತು.

ಮತಾಂತರ ಆಗ ಈ ಊರಿನಲ್ಲಿ ಹಗುರವಾದ ವಿಷಯವೂ ಆಗಿರಲಿಲ್ಲ. 1844ರಲ್ಲಿ ಸಾರಸ್ವತ ಮನೆತನದ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕದಡಿಹೋಗಿತ್ತು. ಮನೆ ಬಿಟ್ಟುಹೋದವರ ನೋವು, ಬಿಟ್ಟುಹೋಗಲ್ಪಟ್ಟವರ ನೋವು ಎರಡೂ ಇಲ್ಲಿಯ ಮಣ್ಣಿನಲ್ಲಿವೆ. ಜರ್ಮನಿಯಿಂದ ಬಂದವರಿಗೆ ಆ ನೋವು ಕಾಣುತ್ತಿತ್ತೇ ಹೊರತು ಅವರ ಮನೆಯೊಳಗೆ ಅದು ನಡೆದಿರಲಿಲ್ಲ. ಕಿಟೆಲ್ ಅವರ ವಿದ್ವತ್ತಿಗೆ ತ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ವ್ಯಾಕರಣ ಹೊರಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಹೋಗಿ ಸೇರಲು ಅವರಿಗೆ ಒಂದು ಊರಿತ್ತು. ಪಾದ್ರಿ ಮತ್ತು ಪಂಡಿತ ಎಂಬ ಎರಡು ಹೊರೆಗಳನ್ನು ಹೊತ್ತು ಇಲ್ಲಿಯೇ ಬಾಳಬೇಕಾದವರ ಕಥೆ ಬೇರೆ, ಮತ್ತು ಆ ಕಥೆಯನ್ನು ಮಂಗಳೂರು ತನ್ನದೆಂದು ಹೇಳಿಕೊಳ್ಳುವುದನ್ನು ನಾನು ಕೇಳಿದ್ದು ಕಡಿಮೆ.

ಧಾರವಾಡದಿಂದ ಬಂದ ವಿದ್ಯಾರ್ಥಿ

ಬಲ್ಮಠದಲ್ಲಿದ್ದ ಮಿಷನ್ನಿನ ಸೆಮಿನರಿಯಲ್ಲಿ, ಎಂದರೆ ಧರ್ಮಶಾಸ್ತ್ರದ ಶಾಲೆಯಲ್ಲಿ, ಓದಿ ಪಾದ್ರಿಯಾದವರಲ್ಲಿ ಉತ್ತಂಗಿ ಚನ್ನಪ್ಪನವರೂ ಒಬ್ಬರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಮನೆತನ ಲಿಂಗಾಯತ ಮೂಲದಿಂದ ಕ್ರೈಸ್ತಮತಕ್ಕೆ ಬಂದದ್ದು. ಬದುಕಿನುದ್ದಕ್ಕೂ ಅವರು ಕ್ರೈಸ್ತರಾಗಿಯೇ ಇದ್ದರು, ಸುವಾರ್ತೆಯ ಸೇವೆಯನ್ನೂ ಮಾಡಿದರು. ಅದೇ ಸೇವೆಯ ತಿರುಗಾಟದ ನಡುವೆ ಹಳ್ಳಿಹಳ್ಳಿಗಳಲ್ಲಿ ಜನರ ಬಾಯಿಯಲ್ಲಿದ್ದ, ಓಲೆ-ಕಾಗದಗಳಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಕೂಡಿಹಾಕಿ, ಹೋಲಿಸಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂಬ ಸಂಪುಟವನ್ನು ಹೊರತಂದರು. ನಾವು ಇಂದು ಗೋಡೆ ಬರಹದಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ, ರಾಜಕಾರಣಿಯ ಭಾಷಣದಲ್ಲಿ ಸರ್ವಜ್ಞನನ್ನು ಇಷ್ಟು ಸಲೀಸಾಗಿ ಬಳಸುವುದರ ಹಿಂದೆ ಒಬ್ಬ ಪಾದ್ರಿಯ ಜೋಳಿಗೆ ಇದೆ.

ಬಾಯಿಂದ ಬಾಯಿಗೆ ಹರಿದ ಪದ್ಯವನ್ನು ಸಂಪಾದಿಸುವುದೆಂದರೆ ಏನೆಂದು ತಿಳಿಯಲು ಎಲ್ಲರಿಗೂ ಬರುವ ಒಂದು ತ್ರಿಪದಿಯನ್ನೇ ತೆಗೆದುಕೊಳ್ಳೋಣ.

ಸರ್ವಜ್ಞನೆಂಬವನು ಗರ್ವದಿಂದಾದವನೆ
ಸರ್ವರೊಳಗೊಂದು ನುಡಿಗಲಿತು ವಿದ್ಯೆಯ
ಪರ್ವತವೆಯಾದ ಸರ್ವಜ್ಞ

ತ್ರಿಪದಿಗೆ ನಾಗವರ್ಮ ಹೇಳುವ ಲಕ್ಷಣ ಇಷ್ಟು: ಒಟ್ಟು ಹನ್ನೊಂದು ಗಣಗಳು, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದುವೆಲ್ಲ ವಿಷ್ಣುಗಣ. ಅಂಶಗಳು ಮಾತ್ರೆಗಳಾಗಿ ಗಟ್ಟಿಯಾದ ಮೇಲಿನ ಕಾಲದಲ್ಲಿ ವಿಷ್ಣುಗಣ ಐದು ಮಾತ್ರೆಯದಾಗಿ, ಬ್ರಹ್ಮಗಣ ಮೂರು ಮಾತ್ರೆಯದಾಗಿ ನಿಲ್ಲುತ್ತದೆ. ಈಗ ಬೆರಳು ಮಡಿಸಿ ನೋಡಿ. ‘ಸರ್ವಜ್ಞ’, ‘ನೆಂಬವನು’, ‘ಗರ್ವದಿಂ’, ‘ದಾದವನೆ’, ಎಲ್ಲವೂ ಐದೈದು. ಎರಡನೆಯ ಸಾಲಿನಲ್ಲಿ ‘ಸರ್ವರೊಳ’ ಐದು, ‘ಗೊಂದು’ ಮೂರು. ಅದೇ ಆರನೆ ಗಣ. ಮುಂದೆ ‘ನುಡಿಗಲಿತು’ ಐದು, ‘ವಿದ್ಯೆಯ’ ಎಂಬಲ್ಲಿ ನಾಲ್ಕೇ ಇದ್ದರೂ ಸಾಲಿನ ಕೊನೆಯಾದ್ದರಿಂದ ದನಿ ಎಳೆದುಕೊಳ್ಳುತ್ತದೆ. ಕೊನೆಯ ಸಾಲಿನಲ್ಲಿ ‘ಪರ್ವತವೆ’ ಐದು, ‘ಯಾದ’ ಮೂರು, ಅದು ಹತ್ತನೆಯ ಗಣ, ‘ಸರ್ವಜ್ಞ’ ಐದು. ಆದರೆ ನಮ್ಮಲ್ಲಿ ಬಹಳ ಮಂದಿ ಇದನ್ನು ‘ಸರ್ವರೊಳು ಒಂದೊಂದು ನುಡಿಗಲಿತು’ ಎಂದು ಹೇಳುತ್ತಾರೆ. ಅರ್ಥ ಹಾಗೆ ಹೇಳಿದರೇ ಹೆಚ್ಚು ಚಂದ ಎಂದು ವಾದಿಸಬಹುದು. ಆದರೆ ‘ಒಂದೊಂದು’ ಐದು ಮಾತ್ರೆ. ಆರನೆಯ ಗಣದಲ್ಲಿ ಇರಬೇಕಾದ ಆ ಸಣ್ಣ ತಗ್ಗು, ಹಾಡುವವರು ಉಸಿರು ತೆಗೆದುಕೊಳ್ಳುವ ಆ ಜಾಗ ತುಂಬಿಹೋಗುತ್ತದೆ. ಓದಿ ಅಭ್ಯಾಸವಾದವರ ಬಾಯಿಗೆ ತೊಂದರೆಯಿಲ್ಲ, ಹಾಡಿ ಅಭ್ಯಾಸವಾದವರ ಬಾಯಿ ಅಲ್ಲಿ ತಡವರಿಸುತ್ತದೆ. ಒಂದೇ ಪದ್ಯ ಹತ್ತು ಊರುಗಳಲ್ಲಿ ಹತ್ತು ಬಗೆಯಾಗಿ ಬಂದಾಗ ಸಂಪಾದಕನ ಕೈಯಲ್ಲಿರುವ ಒಂದು ದೊಡ್ಡ ಆಧಾರ ಈ ಆರನೆ ಮತ್ತು ಹತ್ತನೆಯ ಗಣಗಳು. ಉತ್ತಂಗಿಯವರು ಪಾಠಗಳನ್ನು ಆರಿಸುವಾಗ ಏನೆಲ್ಲ ತೂಗಿನೋಡಿದರೆಂಬುದು ಅವರ ಪುಟಗಳನ್ನೇ ಓದಿ ತಿಳಿಯಬೇಕಾದ ಮಾತು. ನನ್ನ ಕುತೂಹಲ ಇರುವುದು ಆ ಹೊತ್ತಿಗೆ ಈ ಸೂತ್ರ ಅಚ್ಚಾಗಿ ಅರ್ಧ ಶತಮಾನ ಆಗಿತ್ತು, ಮತ್ತು ಅಚ್ಚಾದದ್ದು ಅವರು ಓದಿದ ಸೆಮಿನರಿಯ ಮಿಷನ್ನಿನದೇ ಮುದ್ರಣಾಲಯದಲ್ಲಿ ಎಂಬುದರಲ್ಲಿ.

ಉತ್ತಂಗಿಯವರ ಇನ್ನೊಂದು ಕೆಲಸ ನನ್ನನ್ನು ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದೆ. 1949ರಲ್ಲಿ ಅವರು ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಮತದ ಹೆಸರಿನಲ್ಲಿ ಗಾಯಗೊಂಡ ಆ ಸೀಮೆಯಲ್ಲಿ ಕನ್ನಡದ ಜನ ತಮ್ಮ ಮೆರವಣಿಗೆಯ ಮುಂದೆ ಕೂರಿಸಿದ್ದು ಒಬ್ಬ ಕ್ರೈಸ್ತ ಪಾದ್ರಿಯನ್ನು. ಅದಾಗಿ ಎರಡು ವರ್ಷಕ್ಕೆ ಅವರು ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಬರೆದರು. ಅನುಭವ ಮಂಟಪ ಇತ್ತೇ, ಅದು ಮುಂದಿನ ಕವಿಗಳ ಕಲ್ಪನೆಯೇ ಎಂಬ ಚರ್ಚೆಯಲ್ಲಿ, ಇತ್ತು ಎಂದು ಆಧಾರ ಕೂಡಿಸಿ ಹೇಳಲು ನಿಂತವರು ಅವರು. ಲಿಂಗಾಯತ ಮೂಲದ ಕ್ರೈಸ್ತನೊಬ್ಬ ಶರಣರ ಮಂಟಪದ ಪರವಾಗಿ ವಾದಿಸಿದರೆ, ಬಿಟ್ಟುಬಂದ ಮನೆಯ ಸೆಳೆತ ಎಂದು ವಿವರಿಸಿ ಮುಗಿಸುವುದು ಸುಲಭ. ನನಗೆ ಅದರಲ್ಲಿ ಬಲ್ಮಠದ ತರಬೇತಿಯ ಗುರುತೇ ಹೆಚ್ಚು ಕಾಣುತ್ತದೆ. ಸುವಾರ್ತೆಗಳ ನಾಲ್ಕು ಪಾಠಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಹಳತು, ಯಾವುದು ಸೇರಿಕೆ, ನಡೆದದ್ದೇನು ಎಂದು ಕೇಳುವುದು ಪ್ರೊಟೆಸ್ಟಂಟ್ ಧರ್ಮಶಾಸ್ತ್ರದ ವಿದ್ಯಾರ್ಥಿಗೆ ಹೊಸತಲ್ಲ. ನಂಬಿಕೆಯ ಕೇಂದ್ರದಲ್ಲಿರುವ ಘಟನೆ ಚರಿತ್ರೆಯಲ್ಲಿ ನಡೆದಿರಬೇಕು ಎಂಬ ಹಟವೂ ಅಲ್ಲಿಯದೇ. ಪುರಾಣವಾದರೂ ಸರಿ, ಸಾರ ಇದ್ದರೆ ಸಾಕು ಎಂಬ ನಮ್ಮ ಸಾಮಾನ್ಯ ಸಮಾಧಾನ ಅವರಿಗೆ ಸಾಕಾಗಲಿಲ್ಲ. ಇದು ನನ್ನ ಊಹೆ. ಆದರೆ ಅವರು ಕ್ರೈಸ್ತತನವನ್ನು ಬದಿಗಿಟ್ಟು ವಚನಗಳ ಬಳಿ ಹೋದರು ಎಂಬುದಕ್ಕಿಂತ, ಅದನ್ನು ಹಿಡಿದುಕೊಂಡೇ ಹೋದರು ಎಂಬುದು ಅವರ ಬರಹಕ್ಕೆ ಹೆಚ್ಚು ಹೊಂದುತ್ತದೆ. ಅವರ ಬಗ್ಗೆ ಚರ್ಚಿನವರಲ್ಲಿ ಕೆಲವರಿಗೆ ಇವರು ನಮ್ಮವರು ಹೌದೇ ಎಂಬ ಅನುಮಾನ, ಹೊರಗಿನವರಲ್ಲಿ ಕೆಲವರಿಗೆ ಇವರ ಒಳಸಂಚು ಏನು ಎಂಬ ಅನುಮಾನ ಇದ್ದಿದ್ದರೆ ಆಶ್ಚರ್ಯವಿಲ್ಲ. ಕಿಟೆಲ್ ಅವರಿಗೆ ನಾವು ಹಾಕುವ ಹಾರ ಉತ್ತಂಗಿಯವರಿಗೆ ಸಿಗದೆ ಹೋದದ್ದಕ್ಕೂ ಇದೇ ಕಾರಣವಿರಬಹುದು. ದೂರದಿಂದ ಬಂದು ದೂರಕ್ಕೆ ಹೋದವರನ್ನು ಮೆಚ್ಚುವುದು ಸುಲಭ. ನಮ್ಮ ನಡುವೆಯೇ ಇದ್ದು, ನಮ್ಮ ಪದ್ಯವನ್ನು ನಮಗಿಂತ ಚೆನ್ನಾಗಿ ಎಣಿಸಿ, ಭಾನುವಾರ ಬೇರೆ ಕಡೆ ಹೋಗುವವರನ್ನು ಮೆಚ್ಚಲು ನಾವು ಇನ್ನೂ ಕಲಿಯುತ್ತಿದ್ದೇವೆ.

ಉತ್ತಂಗಿಯವರು ತೀರಿಕೊಂಡದ್ದು 1962ರಲ್ಲಿ. ಅವರ ಕೊನೆಯ ದಶಕದ ಕೆಲಸಗಳಲ್ಲಿ ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯದ ಸಂಗ್ರಹವೂ ಸೇರಿದೆ. ಸಿದ್ಧರಾಮ ವಚನಗಳ ಜೊತೆಗೆ ತ್ರಿವಿಧಿಗಳನ್ನೂ ಬರೆದವನು, ಮತ್ತು ತ್ರಿವಿಧಿ ಇರುವುದು ತ್ರಿಪದಿಯಲ್ಲೇ. ಸರ್ವಜ್ಞನಿಗಿಂತ ಶತಮಾನಗಳಷ್ಟು ಹಿಂದಿನ ಆ ಪದ್ಯಗಳಲ್ಲಿ ಅಂಶಗಳು ಇನ್ನೂ ಮಾತ್ರೆಗಳಾಗಿ ಪೂರ್ತಿ ಗಟ್ಟಿಯಾಗಿಲ್ಲ. ಕಣ್ಣಿನ ಲೆಕ್ಕಕ್ಕೆ ಸಿಗದೆ ಜಾರುವ ಸಾಲುಗಳು ಅಲ್ಲಿ ಸಾಕಷ್ಟಿವೆ. ಅವನ್ನು ಈಗಿನ ಮಾತ್ರೆಯ ಅಳತೆಗೆ ತಿದ್ದಬೇಕೋ, ಹಾಡಿನ ಅಂಶಕ್ಕೆ ಬಿಡಬೇಕೋ ಎಂಬ ತಕರಾರು ಸಂಪಾದಕರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ನನ್ನ ಮತ ಹಾಡಿಗೆ.